ಎಣಿಕೆಗೆ ಸಿಗದ ನುಡಿ

ನಮ್ಮ ತಾಲ್ಲೂಕು ಕೇಂದ್ರದ ಸಾಧಾರಣ ಪ್ರೌಢಶಾಲೆಯೊಂದರಲ್ಲಿ ಬೆಳಗಿನ ಪ್ರಾರ್ಥನೆಗೆ ಸಾಲುಗಟ್ಟಿ ನಿಲ್ಲುವ ಮಕ್ಕಳೆಷ್ಟು? ಐನೂರು ಇರಬಹುದು, ಆರುನೂರು ಇರಬಹುದು. ಇಡೀ ಭೂಮಂಡಲದಲ್ಲಿ ಒಂದು ಭಾಷೆಯನ್ನಾಡುವವರು ಹೆಚ್ಚುಕಡಿಮೆ ಅಷ್ಟೇ ಜನ ಎಂದರೆ, ‘ಪಾಪ, ಆ ಭಾಷೆಯ ಕಥೆ ಮುಗಿಯಿತು’ ಎಂದೇ ಯಾರಿಗಾದರೂ ಅನ್ನಿಸುತ್ತದೆ.

ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ‘ಪಿರಹಾ’ ಭಾಷೆಯ ಕಥೆ ಮಾತ್ರ ಹಾಗೆ ಮುಗಿದಿಲ್ಲ. 2005ರ ಸುಮಾರಿಗೆ ಈ ಭಾಷೆಯನ್ನಾಡುವವರು ಮುನ್ನೂರಕ್ಕೆ ಸ್ವಲ್ಪ ಮೇಲಿದ್ದರು. ಆಮೇಲೆ ಸಂಖ್ಯೆ ಏರಿದೆಯಾದರೂ ಸಾವಿರ ಮುಟ್ಟಿಲ್ಲ. ಹಾಗಿದ್ದೂ ಅಲ್ಲಿ ಹುಟ್ಟುವ ಪ್ರತಿಯೊಂದು ಮಗುವೂ ಮೊದಲು ತೊದಲುವುದು ಪಿರಹಾ ಮಾತನ್ನೇ. ಅಜ್ಜಿ ಬೈಯುವುದು ಅದರಲ್ಲೇ, ಹುಡುಗರು ಜಗಳವಾಡುವುದೂ ಅದರಲ್ಲೇ. ಹೆಚ್ಚಿನವರಿಗೆ ಬೇರೆ ಭಾಷೆ ಬರುವುದೇ ಇಲ್ಲ. ವಿಚಿತ್ರವೆಂದರೆ, ಈ ಪುಟ್ಟ ಭಾಷೆಯನ್ನಿಟ್ಟುಕೊಂಡು ಜಗತ್ತಿನ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಪಂಡಿತರು ಇಪ್ಪತ್ತು ವರ್ಷಗಳಿಂದ ಕಚ್ಚಾಡುತ್ತಿದ್ದಾರೆ!

ಬ್ರೆಜಿಲ್ ದೇಶದ ಅಮೆಜೋನಾಸ್ ರಾಜ್ಯದ ದಕ್ಷಿಣ ಭಾಗದಲ್ಲಿ ಮಾಯ್ಸಿ ಎಂಬ ನದಿ ಹರಿಯುತ್ತದೆ. ಅದು ಮಾರ್ಮೆಲೋಸ್ ನದಿಯನ್ನು ಸೇರುತ್ತದೆ, ಮಾರ್ಮೆಲೋಸ್ ಮದೇಯ್ರಾವನ್ನು, ಮದೇಯ್ರಾ ಕೊನೆಗೆ ಅಮೆಜಾನನ್ನು. ಮಾಯ್ಸಿಯ ಎರಡೂ ದಡಗಳಲ್ಲಿ ಅಲ್ಲಲ್ಲಿ ಪಿರಹಾ ಜನರ ಗುಡಿಸಲುಗಳಿವೆ. ಮೀನು ಹಿಡಿಯುವುದು, ಬೇಟೆ, ಕಾಡಿನಲ್ಲಿ ಬ್ರೆಜಿಲ್ ಬೀಜ ಆಯುವುದು, ಅಷ್ಟಿಷ್ಟು ಮರಗೆಣಸು ಬೆಳೆಯುವುದು ಇವರ ಜೀವನ. ಹತ್ತಿರದ ಊರು ಮದೇಯ್ರಾ ದಂಡೆಯ ಉಮಾಯ್ತಾ. ಅಲ್ಲಿಂದ ಪೂರ್ವಕ್ಕೆ ಹೋಗುವ ಟ್ರಾನ್ಸ್ ಅಮೆಜಾನ್ ಹೆದ್ದಾರಿ ಮಾಯ್ಸಿಯನ್ನು ದಾಟಿಕೊಂಡೇ ಮುಂದೆ ಸಾಗುತ್ತದೆ. ಅಂದರೆ ಹೊರಜಗತ್ತು ಇವರಿಗೆ ಬಹಳ ದೂರವೇನಲ್ಲ.

‘ಪಿರಹಾ’ ಎಂಬುದು ಹೊರಗಿನವರು ಕರೆಯುವ ಹೆಸರು. ಅವರು ತಮ್ಮ ಮಾತನ್ನು ಕರೆದುಕೊಳ್ಳುವುದು ‘ಅಪೈತೀಸೊ’ ಎಂದು. ‘ನೆಟ್ಟಗಿನ ತಲೆ’ ಎಂದು ಅದರ ಅರ್ಥ. ಮಿಕ್ಕವರ ಭಾಷೆಗಳೆಲ್ಲ ಅವರಿಗೆ ‘ಸೊಟ್ಟ ತಲೆ’! ಪೋರ್ಚುಗೀಸ್ ಸೊಟ್ಟ, ಇಂಗ್ಲಿಷ್ ಸೊಟ್ಟ, ಕನ್ನಡ ಕೇಳಿದ್ದರೆ ಅದೂ ಸೊಟ್ಟವೇ ಆಗುತ್ತಿತ್ತು. ಒಂದು ಪುಟ್ಟ ಜನಾಂಗಕ್ಕೆ ತನ್ನ ಮಾತಿನ ಬಗ್ಗೆ ಇಷ್ಟು ಗಟ್ಟಿ ನಂಬಿಕೆ ಇರುವುದು ಅಪರೂಪ. ಪಕ್ಕದ ಒಂದು ಕಥೆ ಕೇಳಿದರೆ ಇದರ ಬೆಲೆ ತಿಳಿಯುತ್ತದೆ.

ಸೋದರರ ಕಥೆ

ಪಿರಹಾ ಜನರಿಗೆ ಮುರಾ ಎಂಬ ಸೋದರ ಜನಾಂಗವಿದೆ. ಮುರಾ ಜನರ ಪ್ರಸ್ತಾಪ 1714ರ ಪಾದ್ರಿಯೊಬ್ಬರ ಪತ್ರದಲ್ಲೇ ಸಿಗುತ್ತದೆ. ಆ ಕಾಲದಲ್ಲಿ ಪಿರಹಾಗಳನ್ನು ಮುರಾಗಳ ಒಂದು ಪಂಗಡವೆಂದೇ ಎಣಿಸುತ್ತಿದ್ದರು. ಎರಡೂ ಗುಂಪುಗಳದ್ದು ಒಂದೇ ಭಾಷೆಯ ಉಪಭಾಷೆಗಳು. ಮುರಾಗಳು ಸಂಖ್ಯೆಯಲ್ಲಿ ದೊಡ್ಡವರು, ಶೂರರು. ಹದಿನೆಂಟನೆಯ ಶತಮಾನದುದ್ದಕ್ಕೂ ದೋಣಿಗಳಲ್ಲಿ ಬಂದು ಪೋರ್ಚುಗೀಸರ ನಿದ್ದೆಗೆಡಿಸಿದರು. ಯುದ್ಧ, ಸಿಡುಬು, ದಡಾರ ಎಲ್ಲವೂ ಒಟ್ಟಾಗಿ ಬಿದ್ದ ಮೇಲೆ 1784ರಲ್ಲಿ ಅವರು ರಾಜಿಗೆ ಬಂದರು. ಮುಂದೆ 1835ರಲ್ಲಿ ಅಮೆಜಾನ್ ಪ್ರದೇಶದಲ್ಲಿ ಎದ್ದ ‘ಕಬನಾಜೆಂ’ ದಂಗೆಯಲ್ಲೂ ಸೇರಿ ಮತ್ತೆ ಪೆಟ್ಟು ತಿಂದರು. ನೆಲೆ ಚದುರಿತು. ಹೊರಗಿನವರೊಡನೆ ವ್ಯವಹರಿಸಲು ಮೊದಲು ನ್ಯೆಂಗಾತು ಎಂಬ ಸಂಪರ್ಕ ಭಾಷೆಯನ್ನೂ ಆಮೇಲೆ ಪೋರ್ಚುಗೀಸನ್ನೂ ಹಿಡಿದರು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅವರ ಮೂಲ ನುಡಿ ನಿಂತೇ ಹೋಯಿತು.

ಇಂದು ಮುರಾ ಜನ ಹತ್ತು ಸಾವಿರಕ್ಕೂ ಹೆಚ್ಚಿದ್ದಾರೆ. ಅವರ ಭಾಷೆ ಮಾತ್ರ ಇಲ್ಲ. ಪಿರಹಾಗಳು ಕೆಲವೇ ನೂರು. ಅವರ ಭಾಷೆ ಇದೆ. ದೊಡ್ಡ ಅಣ್ಣ ಕಳೆದುಕೊಂಡದ್ದನ್ನು ಪುಟ್ಟ ತಮ್ಮ ಉಳಿಸಿಕೊಂಡ ಹಾಗಾಯಿತು. ಆ ಇಡೀ ಭಾಷಾ ಕುಟುಂಬದಲ್ಲಿ ಈಗ ಉಳಿದಿರುವುದು ಪಿರಹಾ ಒಂದೇ.

ಯುನೆಸ್ಕೊ ಸಂಸ್ಥೆಯ ತಜ್ಞರು 2003ರಲ್ಲಿ ಭಾಷೆಗಳ ಆರೋಗ್ಯವನ್ನು ಅಳೆಯಲು ಒಂಬತ್ತು ಅಂಶಗಳ ಒಂದು ಪಟ್ಟಿ ಮಾಡಿದರು. ಅದರಲ್ಲಿ ಮೊದಲನೆಯದು, ತಂದೆತಾಯಿಯಿಂದ ಮಕ್ಕಳಿಗೆ ಭಾಷೆ ದಾಟುತ್ತಿದೆಯೇ ಎಂಬುದು. ಒಟ್ಟು ಜನಸಂಖ್ಯೆಯ ಮಾತು ಬರುವುದು ಅದರ ನಂತರ. ಮೊದಲ ಪರೀಕ್ಷೆಯಲ್ಲಿ ಪಿರಹಾಗೆ ನೂರಕ್ಕೆ ನೂರು ಅಂಕ, ಎರಡನೆಯದರಲ್ಲಿ ಅನುತ್ತೀರ್ಣ ಎನ್ನಬಹುದು. ಹಾಗಾದರೆ ಎರಡನೆಯದು ಮುಖ್ಯವೇ ಅಲ್ಲವೇ? ಅಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಅದೇ ಅಮೆಜೋನಾಸ್ ರಾಜ್ಯದ ಜುಮಾ ಜನರನ್ನು ನೋಡಿ. 1964ರಲ್ಲಿ ವ್ಯಾಪಾರಿಗಳು ಕಳಿಸಿದ ಆಳುಗಳು ನಡೆಸಿದ ಹತ್ಯಾಕಾಂಡದಲ್ಲಿ ಅವರು ಬಹುಪಾಲು ನಾಶವಾದರು. ಉಳಿದವರ ಪೈಕಿ ಕೊನೆಯ ಗಂಡಸು ಅರುಕಾ ಜುಮಾ 2021ರ ಫೆಬ್ರವರಿಯಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಅವರ ಹೆಣ್ಣುಮಕ್ಕಳು ಮದುವೆಯಾದದ್ದು ಬೇರೆ ಬುಡಕಟ್ಟಿನವರನ್ನು. ಸಣ್ಣ ಜನಾಂಗಕ್ಕೆ ಒಂದು ಸಾಂಕ್ರಾಮಿಕ ರೋಗ, ಒಂದು ರಾತ್ರಿಯ ದಾಳಿ ಸಾಕು. ಪಿರಹಾಗಳಿಗೆ ಆ ಭಯ ಇಂದಿಗೂ ತಪ್ಪಿಲ್ಲ.

ಹನ್ನೊಂದೇ ವರ್ಣಗಳು

ಕನ್ನಡದ ಮಗು ನಲವತ್ತೊಂಬತ್ತು ಅಕ್ಷರ ತಿದ್ದಬೇಕು. ಪಿರಹಾ ಭಾಷೆಗೆ ಲಿಪಿಯಿಲ್ಲ. ಇದ್ದಿದ್ದರೆ ಅಲ್ಲಿನ ಮಗುವಿಗೆ ಹನ್ನೊಂದು ಅಕ್ಷರ ಸಾಕಾಗುತ್ತಿತ್ತು. ಸ್ವರಗಳು ಮೂರು: ಅ, ಇ, ಒ. ವ್ಯಂಜನಗಳು ಎಂಟು: ಪ, ಬ, ತ, ಕ, ಗ, ಸ, ಹ ಮತ್ತು ಗಂಟಲಿನಲ್ಲಿ ಉಸಿರನ್ನು ತಟ್ಟನೆ ತಡೆದು ಬಿಡುವ ಒಂದು ಧ್ವನಿ. ಹೆಂಗಸರಿಗೆ ಇನ್ನೂ ಒಂದು ಕಡಿಮೆ. ಗಂಡಸರು ‘ಸ’ ಎನ್ನುವ ಕಡೆ ಅವರು ‘ಹ’ ಎನ್ನುತ್ತಾರೆ. ಮ, ನ ಎಂಬ ಪ್ರತ್ಯೇಕ ವರ್ಣಗಳಿಲ್ಲ, ಬ ಮತ್ತು ಗ ಕೆಲವು ಕಡೆ ಹಾಗೆ ಕೇಳಿಸುತ್ತವೆ, ಅಷ್ಟೆ. ಜಗತ್ತಿನ ಅತ್ಯಂತ ಪುಟ್ಟ ವರ್ಣಮಾಲೆಗಳಲ್ಲಿ ಇದೂ ಒಂದು.

ಇಷ್ಟು ಕಡಿಮೆ ಧ್ವನಿಗಳಲ್ಲಿ ಸಾವಿರಾರು ಮಾತುಗಳನ್ನು ಬೇರೆ ಬೇರೆಯಾಗಿ ಹೇಳುವುದು ಹೇಗೆ? ಏರುದನಿ, ಇಳಿದನಿಗಳ ಮೂಲಕ. ಅದೇ ಧ್ವನಿಗಳನ್ನು ಒಂದು ರೀತಿಯ ಏರಿಳಿತದಲ್ಲಿ ಹೇಳಿದರೆ ‘ಕಿವಿ’, ಇನ್ನೊಂದು ರೀತಿಯಲ್ಲಿ ‘ಚರ್ಮ’, ಮತ್ತೊಂದರಲ್ಲಿ ‘ಪರದೇಶಿ’! ಪಿರಹಾ ಕಲಿಯಲು ಹೋದ ಪರದೇಶಿಗಳು ಎಷ್ಟು ಸಲ ಎಡವಿರಬಹುದು, ಊಹಿಸಿಕೊಳ್ಳಿ.

ಅರ್ಥದ ಭಾರವನ್ನೆಲ್ಲ ಏರಿಳಿತ ಮತ್ತು ಲಯಗಳೇ ಹೊತ್ತಿರುವುದರಿಂದ ಒಂದು ಸೋಜಿಗ ಸಾಧ್ಯವಾಗುತ್ತದೆ. ಧ್ವನಿಗಳನ್ನೇ ಕೈಬಿಟ್ಟು, ಬರೀ ರಾಗದಲ್ಲಿ ಮಾತನಾಡಬಹುದು. ಗೊತ್ತಿರುವ ಹಾಡನ್ನು ಯಾರಾದರೂ ಗುನುಗಿದರೆ ಪದಗಳಿಲ್ಲದೆಯೂ ಗುರುತು ಹತ್ತುವುದಿಲ್ಲವೇ, ಹಾಗೆ. ಪಿರಹಾ ಗಂಡಸರು ಬೇಟೆಗೆ ಹೋದಾಗ ಶಿಳ್ಳೆಯಲ್ಲೇ ಪೂರ್ತಿ ವಾಕ್ಯಗಳನ್ನು ಆಡುತ್ತಾರೆ. ಪ್ರಾಣಿ ಬೆದರುವುದಿಲ್ಲ, ಗೆಳೆಯನಿಗೆ ಸುದ್ದಿ ಮುಟ್ಟುತ್ತದೆ. ತಾಯಂದಿರು ಮಕ್ಕಳೊಡನೆ ಗುನುಗಿನಲ್ಲಿ ಮಾತನಾಡುತ್ತಾರೆ. ಬಾಯಲ್ಲಿ ಊಟವಿದ್ದಾಗ, ಗುಟ್ಟು ಹೇಳುವಾಗಲೂ ಗುನುಗೇ ಅನುಕೂಲ. ಮಳೆ ಗುಡುಗಿನ ದಿನ ನದಿಯ ಆಚೆ ದಡದವರನ್ನು ಕರೆಯಲು ಕೂಗಿನ ರೀತಿ ಬೇರೆ ಇದೆ. ಮಾತು ಎಂದರೆ ತುಟಿ ಮತ್ತು ನಾಲಿಗೆ ಎಂದುಕೊಂಡವರಿಗೆ ಇದೊಂದು ಪಾಠ.

ವರ್ಣಮಾಲೆ ಪುಟ್ಟದಾದರೂ ವ್ಯಾಕರಣ ಸುಲಭವಿಲ್ಲ. ಕ್ರಿಯಾಪದದ ಹಿಂದೆ ಪ್ರತ್ಯಯಗಳು ಕೂರಲು ಹದಿನಾರು ಸ್ಥಾನಗಳಿವೆ ಎಂದು ಈ ಭಾಷೆಯನ್ನು ಆಳವಾಗಿ ಅಭ್ಯಾಸ ಮಾಡಿದ ಅಮೆರಿಕದ ಡೇನಿಯಲ್ ಎವರೆಟ್ ಬರೆಯುತ್ತಾರೆ. ಪ್ರತಿ ಸ್ಥಾನದಲ್ಲೂ ಪ್ರತ್ಯಯ ಇರಬಹುದು, ಇಲ್ಲದಿರಬಹುದು. ಗಣಿತ ಬಲ್ಲ ವಿದ್ಯಾರ್ಥಿಗಳು ಎರಡರ ಹದಿನಾರನೆಯ ಘಾತವನ್ನು ಲೆಕ್ಕ ಹಾಕಿ ನೋಡಲಿ: 65,536. ಕೆಲವು ಪ್ರತ್ಯಯಗಳು ಒಂದಕ್ಕೊಂದು ಹೊಂದುವುದಿಲ್ಲವಾದ್ದರಿಂದ ನಿಜವಾದ ರೂಪಗಳು ಇಷ್ಟಾಗುವುದಿಲ್ಲ. ಆದರೂ ‘ಕಾಡು ಜನರ ಭಾಷೆ ಸರಳವಾಗಿರುತ್ತದೆ’ ಎನ್ನುವವರು ಈ ಸಂಖ್ಯೆಯ ಮುಂದೆ ಒಂದು ನಿಮಿಷ ನಿಲ್ಲುವುದು ಒಳ್ಳೆಯದು.

ಕಂಡದ್ದೋ, ಕೇಳಿದ್ದೋ?

ಎವರೆಟ್ ಅಲ್ಲಿಗೆ ಮೊದಲು ಹೋದದ್ದು 1977ರ ಡಿಸೆಂಬರಿನಲ್ಲಿ, ಕ್ರೈಸ್ತ ಮಿಷನರಿಯಾಗಿ, ಬೈಬಲನ್ನು ಪಿರಹಾ ಭಾಷೆಗೆ ತರುವ ಉದ್ದೇಶದಿಂದ. ಅವರಿಗಿಂತ ಮುಂಚೆ ಆರ್ಲೊ ಹೈನ್ರಿಕ್ಸ್, ಸ್ಟೀವ್ ಷೆಲ್ಡನ್ ಎಂಬಿಬ್ಬರು ಅದೇ ಕೆಲಸಕ್ಕೆ ಬಂದು ವರ್ಷಗಟ್ಟಲೆ ಇದ್ದು ಹೋಗಿದ್ದರು. ಎವರೆಟ್ ಹೆಂಡತಿ ಮಕ್ಕಳೊಡನೆ ನದಿಯ ದಡದಲ್ಲಿ ಬಿಡಾರ ಹೂಡಿದರು. ಭಾಷೆ ಕಲಿತರು. ಸುವಾರ್ತೆಯ ಒಂದು ಭಾಗವನ್ನು ಅನುವಾದಿಸಿ ಓದಿದರು. ಜನ ಕೇಳಿದ ಪ್ರಶ್ನೆ ಒಂದೇ: ‘ನೀನು ಆ ಯೇಸುವನ್ನು ನೋಡಿದ್ದೀಯಾ? ನಿಮ್ಮಪ್ಪ ನೋಡಿದ್ದಾನಾ?’ ಇಲ್ಲ ಎಂದಾಗ ಅವರ ಆಸಕ್ತಿ ಅಲ್ಲಿಗೇ ಮುಗಿಯಿತು. ಕೊನೆಗೆ ಮತ ಬದಲಾಯಿಸಿದ್ದು ಪಿರಹಾಗಳಲ್ಲ, ಎವರೆಟ್ ಅವರೇ. ನಂಬಿಕೆ ಕಳೆದುಕೊಂಡು ಅವರು ಪೂರ್ಣಾವಧಿ ಭಾಷಾವಿಜ್ಞಾನಿಯಾದರು. ಈ ಅನುಭವಗಳನ್ನು 2008ರಲ್ಲಿ ಬಂದ ಪುಸ್ತಕದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಆ ಪುಸ್ತಕದ ಹೆಸರು ‘ಮಲಗಬೇಡ, ಹಾವುಗಳಿವೆ’ ಎಂಬರ್ಥದ್ದು. ಪಿರಹಾಗಳು ರಾತ್ರಿ ಬೀಳ್ಕೊಡುವಾಗ ಹೇಳುವ ಮಾತು ಅದು.

ಯೇಸುವಿನ ಬಗೆಗಿನ ಆ ಪ್ರಶ್ನೆ ಉದ್ಧಟತನದ್ದಲ್ಲ. ಅದು ವ್ಯಾಕರಣದಿಂದಲೇ ಬಂದದ್ದು. ಕನ್ನಡದಲ್ಲಿ ‘ಮಳೆ ಬಂತು’ ಎನ್ನುವುದಕ್ಕೂ ‘ಮಳೆ ಬಂತಂತೆ’ ಎನ್ನುವುದಕ್ಕೂ ಎಷ್ಟು ವ್ಯತ್ಯಾಸವಿದೆ! ‘ಅಂತೆ’ ಎಂಬ ಒಂದು ಬಾಲ ಸೇರಿಸಿದರೆ ಸಾಕು, ಹೇಳುವವನು ತಾನು ಕಂಡಿಲ್ಲ, ಯಾರೋ ಹೇಳಿದ್ದು ಎಂದು ಜವಾಬ್ದಾರಿ ಕಳಚಿಕೊಳ್ಳುತ್ತಾನೆ. ಪಿರಹಾದಲ್ಲಿ ಇಂಥ ಬಾಲಗಳು ಮೂರಿವೆ. ಕಣ್ಣಾರೆ ಕಂಡದ್ದಕ್ಕೆ ಒಂದು, ಕಿವಿಯಾರೆ ಕೇಳಿದ ಸುದ್ದಿಗೆ ಒಂದು, ಗುರುತುಗಳನ್ನು ನೋಡಿ ಊಹಿಸಿದ್ದಕ್ಕೆ ಮತ್ತೊಂದು. ಕೆಸರಿನಲ್ಲಿ ಹೆಜ್ಜೆ ನೋಡಿ ‘ಹಂದಿ ಹೋಗಿದೆ’ ಎನ್ನುವವನು ಮೂರನೆಯದನ್ನು ಬಳಸಬೇಕು. ಸಾಕ್ಷಿ ಏನು ಎಂಬುದನ್ನು ವಾಕ್ಯದಲ್ಲೇ ಹೇಳುವ ಇಂಥ ಭಾಷೆಯಲ್ಲಿ ಎರಡು ಸಾವಿರ ವರ್ಷದ ಹಿಂದಿನವರ ಕಥೆಗೆ ಸಾಕ್ಷಿ ಯಾರು ಎಂದು ಕೇಳುವುದು ಸಹಜವೇ.

ಇನ್ನೊಂದು ಪದವಿದೆ, ‘ಇಬಿಪೀಯೊ’. ದೋಣಿಯೊಂದು ನದಿಯ ತಿರುವಿನಲ್ಲಿ ಮರೆಯಾಗುವಾಗ ಅವರು ಆ ಪದ ಹೇಳುತ್ತಾರೆ, ತಿರುವಿನಿಂದ ಮೂಡಿ ಬರುವಾಗಲೂ ಅದನ್ನೇ ಹೇಳುತ್ತಾರೆ. ಮಿಣುಕುವ ಬೆಂಕಿಕಡ್ಡಿಯ ಉರಿಗೂ ಅದೇ ಮಾತು. ‘ಹೋಗುವುದು’, ‘ಬರುವುದು’ ಎಂದು ಅರ್ಥ ಹಚ್ಚಲು ಹೋಗಿ ಎವರೆಟ್ ಬಹಳ ತಲೆ ಕೆರೆದುಕೊಂಡರಂತೆ. ಕೊನೆಗೆ ಹೊಳೆದದ್ದು ಇದು: ಅನುಭವದ ಅಂಚನ್ನು ದಾಟುವುದಕ್ಕೆ, ಕಾಣುವಿಕೆಯೊಳಗೆ ಬರುವುದಕ್ಕೆ ಅಥವಾ ಅದರಿಂದ ಜಾರುವುದಕ್ಕೆ ಆ ಪದ. ಇದನ್ನು ಒಂದೇ ಮಾತಿನಲ್ಲಿ ಹೇಳುವ ಅನುಕೂಲ ಬೇರೆ ಎಷ್ಟು ಭಾಷೆಗಳಿಗೆ ಇದೆಯೋ! ಒಂದು ಭಾಷೆ ಹೋದರೆ ಏನು ಹೋಗುತ್ತದೆ ಎಂದು ಕೇಳುವವರಿಗೆ ತೋರಿಸಲು ಇಂಥದೊಂದು ಪದ ಸಾಕು.

ಒಂದು, ಎರಡು ಇಲ್ಲದ ಲೋಕ

ಪಿರಹಾ ಹೆಸರುವಾಸಿಯಾದದ್ದು ಸಂಖ್ಯೆಗಳಿಂದ, ಅಂದರೆ ಸಂಖ್ಯೆಗಳು ಇಲ್ಲದ್ದರಿಂದ. ಮೊದಮೊದಲು ಪಂಡಿತರು ಅಲ್ಲಿ ‘ಒಂದು’, ‘ಎರಡು’, ‘ಬಹಳ’ ಎಂಬ ಮೂರು ಪದಗಳಿವೆ ಎಂದುಕೊಂಡಿದ್ದರು. ಮೊದಲಿನ ಎರಡೂ ಪದಗಳು ‘ಹೋಯ್’ ಎಂಬುದರ ಎರಡು ಏರಿಳಿತಗಳು. ಆದರೆ ಇವು ನಿಜವಾಗಿ ಸಂಖ್ಯೆಗಳೇ?

2008ರಲ್ಲಿ ಮೈಕೆಲ್ ಫ್ರಾಂಕ್, ಎವರೆಟ್, ಎವೆಲಿನಾ ಫೆಡೊರೆಂಕೊ ಮತ್ತು ಎಡ್ವರ್ಡ್ ಗಿಬ್ಸನ್ ಪ್ರಕಟಿಸಿದ ಪ್ರಯೋಗ ಬಹಳ ಸರಳ, ಬಹಳ ಜಾಣತನದ್ದು. ಮುಂದೆ ಒಂದು ದಾರದುಂಡೆ ಇಟ್ಟು ‘ಇದು ಎಷ್ಟು?’ ಎಂದು ಕೇಳಿದರು. ‘ಒಂದು’ ಎನ್ನಲಾಗಿದ್ದ ಪದ ಬಂತು. ಮತ್ತೊಂದು ಉಂಡೆ ಸೇರಿಸಿದಾಗ ‘ಎರಡು’. ಹೀಗೆ ಹತ್ತರವರೆಗೆ ಏರಿಸಿದರು. ಇಲ್ಲಿಯವರೆಗೆ ಹೊಸದೇನಿಲ್ಲ. ಆಮೇಲೆ ಉಲ್ಟಾ ಮಾಡಿದರು. ಹತ್ತು ಉಂಡೆ ಇಟ್ಟು ಒಂದೊಂದೇ ತೆಗೆಯುತ್ತಾ ಬಂದರು. ಆಗ ಆರು ಉಂಡೆ ಇನ್ನೂ ಉಳಿದಿರುವಾಗಲೇ ‘ಒಂದು’ ಎಂಬ ಪದ ಬರತೊಡಗಿತು! ಹಾಗಾದರೆ ಆ ಪದದ ಅರ್ಥ ‘ಒಂದು’ ಅಲ್ಲ, ‘ಕಡಿಮೆ’. ಮತ್ತೊಂದರ ಅರ್ಥ ‘ಇನ್ನೂ ಸ್ವಲ್ಪ ಹೆಚ್ಚು’. ಖಚಿತವಾದ ಒಂದೇ ಒಂದು ಸಂಖ್ಯಾಪದವೂ ಇಲ್ಲದ ಭಾಷೆ. ಅಳತೆಯ ದಿಕ್ಕನ್ನು ತಿರುಗಿಸಿ ನೋಡದಿದ್ದರೆ ಈ ಸತ್ಯ ಹೊರಬೀಳುತ್ತಲೇ ಇರಲಿಲ್ಲ. ಪ್ರಯೋಗಶಾಲೆಯಲ್ಲಿ ಒಂದೇ ದಿಕ್ಕಿನ ರೀಡಿಂಗ್ ತೆಗೆದು ಪುಸ್ತಕ ಮುಚ್ಚುವ ವಿದ್ಯಾರ್ಥಿಗಳು ಇದನ್ನು ನೆನಪಿಟ್ಟರೆ ಚೆನ್ನ.

ಪದವಿಲ್ಲದಿದ್ದರೆ ಲೆಕ್ಕವೂ ಇಲ್ಲವೇ? ಈ ಪ್ರಶ್ನೆಯನ್ನು ಅದಕ್ಕೂ ಮುಂಚೆ 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪೀಟರ್ ಗಾರ್ಡನ್ ಎತ್ತಿದ್ದರು. ಅವರ ಸಲಕರಣೆ ಟಾರ್ಚಿನ ಸಣ್ಣ ಬ್ಯಾಟರಿ ಸೆಲ್ಲುಗಳು, ಬೀಜಗಳು, ಒಂದು ಡಬ್ಬಿ. ಸೆಲ್ಲುಗಳ ಸಾಲನ್ನು ಮುಂದಿಟ್ಟು ಅಷ್ಟನ್ನೇ ಜೋಡಿಸಿ ಎಂದರು. ಡಬ್ಬಿಯೊಳಗೆ ಬೀಜ ಹಾಕಿ ಒಂದೊಂದೇ ಹೊರತೆಗೆಯುತ್ತಾ, ‘ಇನ್ನೂ ಉಳಿದಿದೆಯೇ?’ ಎಂದು ಕೇಳಿದರು. ಎರಡು ಮೂರರವರೆಗೆ ಉತ್ತರ ಸರಿ. ಅದರ ಮೇಲೆ ಅಂದಾಜು. ಅಂದಾಜು ಎಂದರೆ ಮನಬಂದ ಹಾಗೆ ಅಲ್ಲ. ಸಂಖ್ಯೆ ದೊಡ್ಡದಾದಂತೆ ತಪ್ಪೂ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತಿತ್ತು. ತೂಕ, ಬೆಳಕು, ಸದ್ದುಗಳನ್ನು ಅಂದಾಜು ಮಾಡುವಾಗ ಎಲ್ಲ ಮನುಷ್ಯರಲ್ಲೂ ಕಾಣುವ ನಿಯಮ ಇದು. 2008ರ ತಂಡ ಮತ್ತೊಂದನ್ನು ತೋರಿಸಿತು. ವಸ್ತುಗಳು ಕಣ್ಣೆದುರೇ ಇದ್ದಾಗ ಒಂದಕ್ಕೊಂದು ಹೊಂದಿಸಿ ಇಡುವುದರಲ್ಲಿ ಪಿರಹಾಗಳು ತಪ್ಪುವುದೇ ಇಲ್ಲವೆನ್ನುವಷ್ಟು ಕಡಿಮೆ. ಮುಚ್ಚಿಟ್ಟು ನೆನಪಿನಿಂದ ಹೇಳಿ ಎಂದಾಗ ಮಾತ್ರ ಕಷ್ಟ.

ಇಷ್ಟು ಕೇಳಿದ ಕೂಡಲೇ ‘ಅವರಿಗೆ ಬುದ್ಧಿ ಕಡಿಮೆ’ ಎನ್ನುವವರು ಇದ್ದೇ ಇರುತ್ತಾರೆ. ಅವರಿಗೂ ಉತ್ತರ ಸಿದ್ಧವಿದೆ. ಅದೇ ಫ್ರಾಂಕ್ ಮತ್ತು ಗಿಬ್ಸನ್ ಇದ್ದ ತಂಡ ಅಮೆರಿಕದಲ್ಲಿ ಇಂಗ್ಲಿಷ್ ಬಲ್ಲವರಿಗೆ ಅದೇ ಪರೀಕ್ಷೆಗಳನ್ನು ಕೊಟ್ಟಿತು. ಮನಸ್ಸಿನಲ್ಲಿ ಎಣಿಸಲು ಆಗದಂತೆ ಅವರ ಬಾಯಿಯನ್ನು ಬೇರೆ ಮಾತಿನಲ್ಲಿ ತೊಡಗಿಸಿತ್ತು, ಅಷ್ಟೆ. ಓದಿದ ಆ ಜನರೂ ಪಿರಹಾಗಳ ಹಾಗೇ ಅಂದಾಜಿಗೆ ಇಳಿದುಬಿಟ್ಟರು! ಈ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಅಂದರೆ ಒಂದು, ಎರಡು, ಮೂರು ಎಂಬ ಪದಗಳು ತಕ್ಕಡಿ, ಅಳತೆಗೋಲುಗಳ ಹಾಗೆ ಮನುಷ್ಯ ಮಾಡಿಕೊಂಡ ಸಲಕರಣೆಗಳು. ಸಲಕರಣೆಯನ್ನು ಕಸಿದುಕೊಂಡರೆ ಯಾರಾದರೂ ಅಂದಾಜು ಮಾಡಬೇಕಾದದ್ದೇ. ಒಂದನೇ ತರಗತಿಯ ಮಗುವಿಗೆ ಎಣಿಸಲು ಕಲಿಸುವಾಗ ಎಂಥ ದೊಡ್ಡ ಆಯುಧವನ್ನು ಅದರ ಕೈಗೆ ಕೊಡುತ್ತಿದ್ದೇವೆ ಎಂಬುದು ನಮಗೂ ಹೊಳೆದಿರುವುದಿಲ್ಲ.

ಪಂಡಿತರ ಜಗಳ

ಭಾಷಾವಿಜ್ಞಾನಿಗಳ ಜಗಳ ಇದಕ್ಕಿಂತ ಬಿರುಸಿನದು. ‘ಮಾವ ತಂದ ಮೊಳೆ ಕೊಡು’ ಎಂಬಲ್ಲಿ ‘ಮಾವ ತಂದ’ ಎಂಬ ಪುಟ್ಟ ವಾಕ್ಯ ದೊಡ್ಡದರೊಳಗೆ ಕೂತಿದೆ. ‘ನಿನ್ನೆ ಬಂದ ಮಾವ ತಂದ ಮೊಳೆ’ ಎಂದು ಇನ್ನೂ ಒಳಗೊಳಗೆ ಕೂರಿಸಬಹುದು. ಡಬ್ಬಿಯೊಳಗೆ ಡಬ್ಬಿ ಇದ್ದಂತೆ. 2002ರಲ್ಲಿ ನೋಮ್ ಚಾಮ್‌ಸ್ಕಿ ಮತ್ತು ಇಬ್ಬರು ಸಹಲೇಖಕರು, ಮನುಷ್ಯ ಭಾಷೆಗೇ ವಿಶಿಷ್ಟವಾದ ಗುಣ ಇದೇ ಇರಬಹುದೆಂದು ಬರೆದರು. 2005ರಲ್ಲಿ ಎವರೆಟ್, ಪಿರಹಾದಲ್ಲಿ ಈ ಗುಣವೇ ಇಲ್ಲವೆಂದರು. ಅಲ್ಲಿ ‘ಮೊಳೆ ಕೊಡು. ಆ ಮೊಳೆ ಮಾವ ತಂದ. ಎರಡೂ ಒಂದೇ’ ಎಂಬಂತೆ ಬಿಡಿಬಿಡಿಯಾಗಿ ಹೇಳುತ್ತಾರಂತೆ. 2009ರಲ್ಲಿ ನೆವಿನ್ಸ್, ಪೆಸೆಟ್‌ಸ್ಕಿ, ರೊಡ್ರಿಗೆಸ್ ಎಂಬ ಮೂವರು ಎವರೆಟ್ ಅವರ ಹಳೆಯ ಬರಹಗಳನ್ನೇ ಮುಂದಿಟ್ಟು ಅವರನ್ನು ಖಂಡಿಸಿದರು. 2016ರಲ್ಲಿ ಪಿರಹಾ ಕಥನಗಳ ಸಾವಿರಾರು ಪದಗಳನ್ನು ಜಾಲಾಡಿದ ಇನ್ನೊಂದು ತಂಡಕ್ಕೆ ಒಳವಾಕ್ಯದ ಖಚಿತ ಪುರಾವೆ ಸಿಗಲಿಲ್ಲ. ಆದರೆ ಇಲ್ಲವೇ ಇಲ್ಲ ಎಂದೂ ಅದು ತೀರ್ಪು ಕೊಡಲಿಲ್ಲ. ಪಿರಹಾಗಳಿಗೆ ಪುರಾಣಗಳಿಲ್ಲ ಎಂಬ ಎವರೆಟ್ ಅವರ ಮಾತಿಗೂ ಎದುರುತ್ತರವಿದೆ. ಬ್ರೆಜಿಲ್‌ನವರೇ ಆದ ಮಾನವಶಾಸ್ತ್ರಜ್ಞ ಮಾರ್ಕೊ ಆಂಟೋನಿಯೊ ಗೊನ್ಸಾಲ್ವೆಸ್, ಮೇಲೆ ಕೆಳಗೆ ಹಲವು ಲೋಕಗಳಿರುವ ಪಿರಹಾ ವಿಶ್ವದ ಬಗ್ಗೆ ಇಡೀ ಪುಸ್ತಕವನ್ನೇ ಬರೆದಿದ್ದಾರೆ.

ಕೆಲವೇ ನೂರು ಜನರ ಮಾತನ್ನು ಸಲೀಸಾಗಿ ಆಡಬಲ್ಲ ಹೊರಗಿನವರನ್ನು ಬೆರಳಲ್ಲಿ ಎಣಿಸಬಹುದು. ಹಾಗಿರುವಾಗ ವಾದ ಬಗೆಹರಿಯುವುದು ಸುಲಭವಲ್ಲ. ಇತ್ಯರ್ಥವಾಗಬೇಕಾದರೆ ಆ ಭಾಷೆ ಇನ್ನೂ ಬಹುಕಾಲ ಬದುಕಿರಬೇಕು.

ದೋಣಿ ವ್ಯಾಪಾರಿಯ ಲೆಕ್ಕ

ಬದುಕಿರುತ್ತದೆಯೇ? ನೆಲದ ಮಟ್ಟಿಗೆ ಒಂದು ನೆಮ್ಮದಿಯಿದೆ. ಬ್ರೆಜಿಲ್ ಸರ್ಕಾರ ಮಾಯ್ಸಿ ತೀರದ ಸುಮಾರು 3 ಲಕ್ಷ 47 ಸಾವಿರ ಹೆಕ್ಟೇರ್ ಪ್ರದೇಶವನ್ನು 1997ರಲ್ಲಿ ಪಿರಹಾಗಳ ನೆಲವೆಂದು ಅಧಿಕೃತಗೊಳಿಸಿತು. ಹೊರಗಿನವರು ಅಲ್ಲಿ ನೆಲೆಸುವಂತಿಲ್ಲ. ಮೀನು, ಬೇಟೆ ಅಲ್ಲೇ ಸಿಗುವವರೆಗೆ ಭಾಷೆ ಬಿಟ್ಟು ಪೇಟೆಗೆ ಹೋಗುವ ಒತ್ತಡವಿಲ್ಲ. ಭಾಷೆ ಉಳಿದಿರುವುದರ ಗುಟ್ಟು ಅಲ್ಲಿನ ವ್ಯಾಕರಣದಲ್ಲಿಲ್ಲ, ಈ ನದಿಯಲ್ಲಿದೆ.

ಆದರೆ ನದಿಯಲ್ಲಿ ವ್ಯಾಪಾರಿಗಳ ದೋಣಿಗಳೂ ಬರುತ್ತವೆ. ಬ್ರೆಜಿಲ್ ಬೀಜ ಮತ್ತು ಕಾಡಿನ ಉತ್ಪನ್ನಗಳನ್ನು ಒಯ್ದು ಬಟ್ಟೆ, ಮಚ್ಚು, ತಂಬಾಕು, ಮರಗೆಣಸಿನ ಹಿಟ್ಟು, ಕೆಲವೊಮ್ಮೆ ಕಬ್ಬಿನ ಸಾರಾಯಿ ಕೊಡುತ್ತವೆ. ಪ್ರತಿ ಹಳ್ಳಿಯಲ್ಲೂ ಒಬ್ಬಿಬ್ಬರು ಹರಕುಮುರುಕು ಪೋರ್ಚುಗೀಸಿನಲ್ಲಿ ವ್ಯವಹರಿಸುತ್ತಾರೆ. ಅವರು ಹಳ್ಳಿಯ ಬಾಗಿಲು ಕಾಯುವವರಿದ್ದಂತೆ ಎನ್ನುತ್ತಾರೆ ಭಾಷಾವಿಜ್ಞಾನಿ ಜಾನೆಟ್ ಸಾಕೆಲ್. ಉಳಿದವರು ಆ ಭಾಷೆ ಕಲಿಯಬೇಕಾದ ಅಗತ್ಯವೇ ಬಾರದಂತೆ ಈ ಏರ್ಪಾಡು ನೋಡಿಕೊಂಡಿದೆ. ಎಣಿಸಲು ಬಾರದವನೊಡನೆ ಎಣಿಸಬಲ್ಲವನು ವ್ಯಾಪಾರ ಮಾಡಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಿರಹಾಗಳಿಗೂ ಇದು ಗೊತ್ತಿತ್ತು. ಮೋಸ ಹೋಗುತ್ತಿದ್ದೇವೆಯೇ ಎಂಬ ಅನುಮಾನದಿಂದ ಅವರೇ ಕೇಳಿಕೊಂಡದ್ದರಿಂದ 1980ರಲ್ಲಿ ಎವರೆಟ್ ದಂಪತಿ ಎಂಟು ತಿಂಗಳು ಸಂಜೆ ಪಾಠ ನಡೆಸಿದರು. ಪೋರ್ಚುಗೀಸ್ ಸಂಖ್ಯೆಗಳನ್ನೇ ಕಲಿಸಿದರು. ಜನ ಉತ್ಸಾಹದಿಂದಲೇ ಬಂದರು. ಕೊನೆಗೆ ಹತ್ತರವರೆಗೆ ಎಣಿಸಲು ಒಬ್ಬರೂ ಕಲಿಯಲಿಲ್ಲ ಎಂದು ಎವರೆಟ್ ಬರೆದಿದ್ದಾರೆ. ಅಷ್ಟು ಉತ್ಸಾಹದಿಂದ ಬಂದವರಿಗೆ ಏಕೆ ಬರಲಿಲ್ಲ? ಸೊಟ್ಟ ತಲೆಯ ಮಾತಿನಲ್ಲಿ ಹೇಳಿಕೊಟ್ಟದ್ದೂ ಒಂದು ಕಾರಣವಿರಬಹುದಲ್ಲವೇ? ಭಾಷೆ ಬಾರದ ಮಗುವಿಗೆ ಅದೇ ಭಾಷೆಯಲ್ಲಿ ಗಣಿತ ಕಲಿಸಿ, ಗಣಿತ ಬರಲಿಲ್ಲವೆಂದು ಬೇಸರಪಡುವುದು ಅಮೆಜಾನಿನಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ.

2012ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರದ ಹೊತ್ತಿಗೆ ಪಿರಹಾಗಳ ನಡುವೆ ಶಾಲೆ ತೆರೆದಿತ್ತು. ಅಲ್ಲಿ ಕಲಿಸುವುದು ಪೋರ್ಚುಗೀಸ್ ಮತ್ತು ಗಣಿತ. ಇದನ್ನು ಸುಮ್ಮನೆ ತಪ್ಪು ಎನ್ನುವಂತಿಲ್ಲ. ವ್ಯಾಪಾರಿಯ ಎದುರು, ಆಸ್ಪತ್ರೆಯಲ್ಲಿ, ಸರ್ಕಾರಿ ಕಚೇರಿಯಲ್ಲಿ ಆ ಮಗುವಿಗೆ ಪೋರ್ಚುಗೀಸ್ ಬೇಕು. ತಮ್ಮ ಮಗು ಎಣಿಸಲು ಕಲಿಯಬಾರದು, ಪಂಡಿತರ ಪ್ರಯೋಗಕ್ಕೆ ಹಾಗೇ ಇರಲಿ ಎಂದು ಯಾವ ತಂದೆತಾಯಿ ಬಯಸಿಯಾರು? ಆದರೆ ಮುರಾ ಜನರ ಭಾಷೆ ಅಳಿದದ್ದೂ ಹೀಗೆಯೇ ಅಲ್ಲವೇ, ಒಳ್ಳೆಯ ಕಾರಣಕ್ಕಾಗಿ ಇನ್ನೊಂದು ಭಾಷೆಯನ್ನು ಒಳಗೆ ಬಿಟ್ಟುಕೊಳ್ಳುತ್ತಾ? 1988ರ ಬ್ರೆಜಿಲ್ ಸಂವಿಧಾನ ಆದಿವಾಸಿ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣದಲ್ಲಿ ಮಾತೃಭಾಷೆಯ ಹಕ್ಕನ್ನು ಕೊಟ್ಟಿದೆ. ಆದರೆ ಲಿಪಿಯೂ ಸಂಖ್ಯೆಯೂ ಇಲ್ಲದ ಭಾಷೆಯಲ್ಲಿ ಆ ಹಕ್ಕನ್ನು ನಡೆಸಿಕೊಡಬಲ್ಲ ಮೇಷ್ಟರು ಸಿಗಬೇಕು, ಪಠ್ಯ ಬೇಕು.

ಇದಕ್ಕೊಂದು ದಾರಿಯನ್ನು ಅಗಿಯೋಪಾಯ್ ಎಂಬ ಪಿರಹಾ ಹಳ್ಳಿಯಲ್ಲಿ ಪ್ರಯತ್ನಿಸಿ ನೋಡಿದ್ದಾರೆ. ಎವರೆಟ್ ಅವರೊಡನೆ ಅಲ್ಲಿಗೆ ಹೋಗಿ, ದಶಕಗಳ ಕಾಲ ಆ ಜನರ ನಡುವೆ ಕೆಲಸ ಮಾಡಿದ ಕೆರೆನ್ ಮಡೋರಾ ಅಲ್ಲಿನವರಿಗೆ ಲೆಕ್ಕದ ಪದಗಳನ್ನು ಪರಿಚಯಿಸಿದರು. ಈ ಸಲ ಪೋರ್ಚುಗೀಸಿನಿಂದ ತರಲಿಲ್ಲ, ಪಿರಹಾ ಪದಗಳನ್ನೇ ಜೋಡಿಸಿ ಮಾಡಿಕೊಂಡರು. ಬಳಿಕ ಅವರು ಮತ್ತು ಅವರ ಮಗ, ಮಾನವಶಾಸ್ತ್ರಜ್ಞ ಕೇಲೆಬ್ ಎವರೆಟ್ ಸೇರಿ ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದರು. ಬೇರೆ ಹಳ್ಳಿಯಲ್ಲಿ ಮೂರಕ್ಕಿಂತ ಮೇಲಿನ ಸಂಖ್ಯೆಗಳನ್ನು ಹೊಂದಿಸುವಾಗ ಜನ ತಪ್ಪುತ್ತಿದ್ದರು. ಅಗಿಯೋಪಾಯ್‌ನವರು ಅದೇ ಪರೀಕ್ಷೆಯಲ್ಲಿ ಅವರಿಗಿಂತ ಚೆನ್ನಾಗಿ ಮಾಡಿದರು. ಹೊಸದಾಗಿ ಹುಟ್ಟಿದ ಆ ಲೆಕ್ಕದ ಮಾತುಗಳಲ್ಲೊಂದರ ಅರ್ಥ ‘ಕೈಯ ಮಕ್ಕಳೆಲ್ಲ’ ಎಂದು. ಆ ಮಕ್ಕಳೆಂದರೆ ಬೆರಳುಗಳು.